ಕೆಂಪು ಟೊಪ್ಪಿ

ವಯರು ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ತಲೆಯ ಮೇಲೆ ಹೋಗುತ್ತದೆ.

ತೊಂಬತ್ತರ ಜನವರಿ. ಕುವೈತಿನಲ್ಲಿ ಅಪ್ಪ ಎಲೆಕ್ಟ್ರಿಷಿಯನ್ ಆಗಿದ್ದ ಕಂಪನಿಯ ಹಾಲ್‌ನಲ್ಲಿ ಆ ಮಧ್ಯಾಹ್ನ ಅಮೆರಿಕದವರ ಕಂಟ್ರಿ ಮ್ಯೂಸಿಕ್ ಇತ್ತು. ಹಾಡುವವರಿಗೆ ಹೂ ಕೊಡಲು ಎಂಜಿನಿಯರರ ಮಗಳು ಅನಿತಾಳನ್ನು ಆರಿಸಿದ್ದರು. ಅವಳ ತಲೆಯ ಮೇಲೆ ಕೆಂಪು ವೆಲ್ವೆಟ್ಟಿನ ಅಗಲ ಟೊಪ್ಪಿ. ನನಗೆ ಹೊಟ್ಟೆ ಉರಿಯುತ್ತಿತ್ತು.

"ಅವರ ಮೆಷಿನ್ ಇಲ್ಲಿನ ಕರೆಂಟಿಗೆ ಆಗುದಿಲ್ಲ ಮಗಾ. ಕರೆಂಟ್ ಇಳಿಸುವ ಈ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೇ ಪ್ಲಗ್ ಹಾಕ್ಲಿಕ್ಕೆ ಅವರಿಗೆ ಹೇಳು. ಗೋಡೆಗೆ ಹಾಕಿದ್ರೆ ಖಲಾಸ್," ಎಂದು ನನ್ನನ್ನು ಅಲ್ಲಿ ನಿಲ್ಲಿಸಿ ಅಪ್ಪ ಲೈಟು ನೋಡಲು ಹೋದರು.

ಗಿಟಾರಿನವನು ಪ್ಲಗ್ ಹಿಡಿದು ಗೋಡೆಯತ್ತ ಬಂದ. ಅದೇ ಹೊತ್ತಿಗೆ ಅನಿತಾ ಟೊಪ್ಪಿ ಸರಿಮಾಡಿಕೊಂಡು ವೇದಿಕೆ ಹತ್ತಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಬಾಯಿ ಬಿಡಲಿಲ್ಲ.

ಅವನು ಗೋಡೆಗೆ ಪ್ಲಗ್ ಹಾಕಿದ್ದೇ ಟಪ್ಪೆಂದಿತು. ಹೊಗೆ ಎದ್ದಿತು. ಒಂದು ಹಾಡೂ ಆಗದೆ ಕಾರ್ಯಕ್ರಮ ಮುಗಿಯಿತು. ಮಂಗಳೂರಿನವರೇ ಆದ ಮ್ಯಾನೇಜರ್ ಎಲ್ಲರೆದುರು ಅಪ್ಪನನ್ನು ಬೈದರು. ಅಪ್ಪ ಒಮ್ಮೆ ನನ್ನ ಮುಖ ನೋಡಿ, "ಹೇಳ್ಲಿಕ್ಕೆ ನಾನೇ ಮರ್ತೆ ಸರ್," ಎಂದರು.

ನನಗೆ ಅಳು ಬಂತು. ಹಾಡು ತಪ್ಪಿತೆಂದು ಅಳುತ್ತಿದ್ದೇನೆ ಅಂದುಕೊಂಡ ಅನಿತಾ ತನ್ನ ಟೊಪ್ಪಿ ತೆಗೆದು ನನ್ನ ತಲೆಯ ಮೇಲಿಟ್ಟಳು. "ಡೋಂಟ್ ಕ್ರೈ. ನೀನೇ ಇಟ್ಕೋ."

ಅದು ನನ್ನ ತಲೆಗೆ ಸರಿಯಾಗಿ ಕೂತಿತು.