ಗೋಡೆಯ ಮೇಲಿನ ಹೇಸಿಗೆ

ಬೆಕ್ಕಿನ ಹಣೆಗೆ ವಿಭೂತಿ ಬಳಿದಿದ್ದರು!

ಈರಬಸಪ್ಪನವರಿಗೆ ಹೊಸ್ತಿಲಲ್ಲಿ ನಿಂತೇ ಎದುರು ಗೋಡೆಗೆ ಉಗುಳಬೇಕೆನಿಸಿತು. ಕೊರಳಲ್ಲಿ ಲಿಂಗವಿದೆಯೆಂದು ನುಂಗಿಕೊಂಡರು. ನಿನ್ನೆಯವರೆಗೆ ಅಲ್ಲಿ ಗೊಬ್ಬರದ ಜಾಹೀರಾತೊಂದೇ ಇತ್ತು. ಈಗ ಅದರ ಮೇಲೆ ಕರುವಿನಷ್ಟು ದೊಡ್ಡ ಬೆಕ್ಕು ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತಿದೆ. ಬಾಯಿಯಿಂದ ಇಲಿಯ ಬಾಲ ಜೋತುಬಿದ್ದಿದೆ.

“ನೋಡಬ್ಯಾಡ್ರಿ ಮಾವಾರ, ಒಳಗ ಬರ್ರಿ,” ಎಂದಳು ಸೊಸೆ ಅನ್ನವ್ವ. “ಗಿರಣಿ ಗ್ವಾಡಿ ಮ್ಯಾಲಿಂದು ಇದಕ್ಕಿಂತ ಹೊಲಸಂತ. ಅದನ್ನಂತೂ ನೀವು ನೋಡಾಕ ಹೋಗಲೇಬ್ಯಾಡ್ರಿ.”

“ಏನೈತಿ ಅಲ್ಲಿ?”

“ನನ್ನ ಬಾಯಿಲೆ ಹ್ಯಾಂಗ ಹೇಳ್ಲಿರಿ?”

ಹೆಂಡತಿ ಸಾವಕ್ಕ ತೀರಿಕೊಂಡಂದಿನಿಂದ ಈರಬಸಪ್ಪನವರು ಹೊಸ್ತಿಲು ದಾಟಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರೆ ಕುಳಿತೇಬಿಟ್ಟರು. ಅನ್ನ ಸೇರುತ್ತಿರಲಿಲ್ಲ, ಕಾಲು ಬಾತುಕೊಂಡಿದ್ದವು. ಡಾಕ್ಟರ್ ಕುತುಬುದ್ದೀನ ಮನೆಗೇ ಬಂದು ನೋಡಿ, “ಹಿಂಗ ಕುಂತ್ರ ಗೌಡ್ರು ಮುಂದಿನ ಮಳಿಗಾಲ ಕಾಣೂದಿಲ್ಲ. ನಡೀಬೇಕು,” ಎಂದು ಮುಚ್ಚುಮರೆಯಿಲ್ಲದೆ ಹೇಳಿಹೋಗಿದ್ದ. ಮಗ ಕೈಮುಗಿದ. ಮಠದಿಂದ ಸ್ವಾಮಿಗಳು ಹೇಳಿಕಳಿಸಿದರು. ಗೌಡರು ಅಲುಗಲಿಲ್ಲ. ಎಲ್ಲಿಗೆಂದು ನಡೆಯುವುದು? ಬಸವಣ್ಣನ ಗುಡಿಗೆ ಹೋಗಲೂ ಮನಸ್ಸಿರಲಿಲ್ಲ. ಅಲ್ಲಿ ಅವರು ಬೇಡಿಕೊಂಡದ್ದು ಆಕೆಯ ಜೀವವೊಂದನ್ನೇ, ಅದೂ ಸಿಗಲಿಲ್ಲ.

ಆದರೆ ಬೆಕ್ಕಿಗೆ ವಿಭೂತಿ ಎಂದರೇನು! ಅವರು ಕೋಲು ಹುಡುಕಿದರು. ಅನ್ನವ್ವ ಅದನ್ನು ಆಗಲೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಗಿರಣಿಯ ಗೋಡೆಯ ಮೇಲೆ ಇಳಕಲ್ ಸೀರೆ ಉಟ್ಟ ಎಮ್ಮೆಯೊಂದು ಕನ್ನಡಿ ಹಿಡಿದು ಮೂತಿಗೆ ಪೌಡರು ಬಳಿದುಕೊಳ್ಳುತ್ತಿತ್ತು. ಹಿಟ್ಟು ಬೀಸಿಸಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

“ಗ್ವಾಡಿ ನಿಂದು. ಅಳಸೂದು ಬಿಟ್ಟು ಹಲ್ಲ ಕಿಸೀತಿ?” ಎಂದು ಗೌಡರು ಗಿರಣಿಯ ಗುಲಾಮಹುಸೇನನನ್ನು ಗದರಿದರು.

“ಎಮ್ಮಿ ಮಾರಿ ನೋಡ್ರಿ ಗೌಡ್ರ, ಅಗದಿ ನಮ್ಮ ಮನಿಯಾಕಿನ್ನ ಕಂಡಂಗ ಆಗತೈತಿ. ಹ್ಯಾಂಗ ಅಳಸ್ಲಿ?”

ಬಣ್ಣ ನೋಡಿದರೆ ಸಾಕು, ಕಲಘಟಗಿಯಲ್ಲಿ ಯಾರಾದರೂ ಹೇಳಿಯಾರು: ಇದು ತೊಟ್ಟಿಲಿಗೆ ಚಿತ್ರ ಬರೆಯುವ ಮಲಕಪ್ಪನ ಕೈ. ಗೌಡರಿಗೆ ಇನ್ನಷ್ಟು ಅಸಹ್ಯವಾಯಿತು. ಮಲಕಪ್ಪ ದೇವಿಕೊಪ್ಪದವನು, ಸಾವಕ್ಕನ ತವರೂರಿನವನು. ಊರ ಹೆಣ್ಣುಮಗಳೆಂದು ಅಕ್ಕ ಎನ್ನುತ್ತಿದ್ದ, ಹಬ್ಬಕ್ಕೆ ಅವಳ ಕೈಯ ಹೋಳಿಗೆ ತಿಂದಿದ್ದ, ಮಣ್ಣಿಗೆ ಬಂದು ಅತ್ತಿದ್ದ. ಆ ಮನೆಯ ದುಃಖ ಆರುವ ಮುನ್ನವೇ ಈ ಚೇಷ್ಟೆ!

ಸಿಟ್ಟಿನಲ್ಲೇ ತೊಟ್ಟಿಲ ಓಣಿಯವರೆಗೂ ಹೋದರು.

“ನಡಕೊಂಡ ಬಂದ್ರೇನ್ರಿ ಗೌಡ್ರ?” ಮಲಕಪ್ಪ ಎದ್ದು ನಿಂತ.

“ಹೊತಗೊಂಡು ಬರ್ತಾರೇನಲೇ ನನ್ನ? ಯಾರು ಬರಸಾಕತ್ತಾರ ಇದನ್ನ?”

“ಹೆಸರು ಹೇಳಂಗಿಲ್ಲಂತ ಮಾತು ಕೊಟ್ಟೇನ್ರಿ.”

“ಹೊಳೆಪ್ಪ ಹೌದಲ್ಲೋ?”

ಹೊಳೆಪ್ಪ ಗುಡಿಯ ಕಮಿಟಿಯಲ್ಲಿ ಗೌಡರ ಜಾಗಕ್ಕೆ ಬಂದು ಕುಳಿತವನು. ಮಲಕಪ್ಪ ಬಗ್ಗಿ ಕುಂಚ ತೊಳೆಯತೊಡಗಿದ.

“ಊರಾಗ ನಿನ್ನ ತೊಟ್ಟಿಲ ಒಬ್ರೂ ಒಯ್ಯದಂಗ ಮಾಡ್ತೀನಿ, ನೋಡಕೋತಿರು.”

“ಮಾಡ್ರಿ. ಆದ್ರ ಬಸ್ ಸ್ಟ್ಯಾಂಡಿನ ಕಡೆ ಮಾತ್ರ ಬರಬ್ಯಾಡ್ರಿ. ಅಲ್ಲಿಂದು ನಿಮಗ ತಡಕೊಳ್ಳಾಕ ಆಗಂಗಿಲ್ಲ.”

ಮನೆಗೆ ಬಂದವರು ಬೈಯುತ್ತಲೇ ಊಟಕ್ಕೆ ಕುಳಿತರು. ಬೈಯುತ್ತಲೇ ರೊಟ್ಟಿ ಮುರಿದರು, ಬೈಯುತ್ತಲೇ ಮತ್ತೊಂದು ಕೇಳಿದರು. ಅನ್ನವ್ವ ತಲೆ ಎತ್ತದೆ ಬಡಿಸಿದಳು.

ಮರುದಿನ ಬಸ್ ಸ್ಟ್ಯಾಂಡಿಗೆ ಹೋಗದೆ ಇರಲಾಗಲಿಲ್ಲ. ಚಹಾದಂಗಡಿಯ ಗೋಡೆಯ ಮೇಲೆ ಮಂಗವೊಂದು ಕಪ್ಪಿನ ಚಹಾ ಬಶಿಗೆ ಸುರಿದುಕೊಂಡು ಹೀರುತ್ತಿತ್ತು. ಮೀಸೆಯಿಂದ ಹನಿ ತೊಟ್ಟಿಕ್ಕಿ ಮತ್ತೆ ಬಶಿಗೇ ಬೀಳುತ್ತಿತ್ತು. ಗೌಡರು ಮುಖ ತಿರುಗಿಸಿದರು. ಅದರಾಚೆ, ಅರಿವೆ ಅಂಗಡಿಯ ಮಗ್ಗುಲಿಗೆ, ಹೊಟ್ಟೆ ಬಿರಿಯುವ ಕಪ್ಪೆಯೊಂದು ಊಟದ ತಟ್ಟೆಯಲ್ಲೇ ಕುಳಿತು ಪಾಯಸ ಚಪ್ಪರಿಸುತ್ತಿತ್ತು. ಅವರು ಕೋಲೂರಿ ನಾಲ್ಕು ಹೆಜ್ಜೆ ಹಿಂದೆ ಸರಿದರು.

ಆಮೇಲೆ ಯೋಚನೆ ಹತ್ತಿತು. ಕಪ್ಪೆಯೆಂದರೆ ಅವರಿಗೆ ಚಿಕ್ಕಂದಿನಿಂದಲೂ ಹೇಸಿಗೆ. ಊರಿಗೆ ಇದು ಗೊತ್ತಿಲ್ಲ. ಗೌಡನೆನಿಸಿಕೊಂಡವನು ಕಪ್ಪೆಗೆ ಅಂಜುತ್ತಾನೆಂದು ಯಾರ ಮುಂದೆ ಹೇಳಿಕೊಂಡಾನು? ಬಶಿಯ ಚಹಾ ಸುರ್ರೆನ್ನುವುದನ್ನು ಕೇಳಿದರೆ ಮೈ ಉರಿಯುತ್ತದೆಂಬುದನ್ನೂ ಹೊರಗೆ ಆಡಿದವರಲ್ಲ. ಆ ಹೊಳೆಪ್ಪನಿಗೆ ಇದೆಲ್ಲ ತಿಳಿದದ್ದಾದರೂ ಹೇಗೆ?

ಹೀಗೆಯೇ ದಿನ ಕಳೆದವು. ಒಂದಲ್ಲ ಒಂದು ಗೋಡೆ ಕೆಡುತ್ತಿತ್ತು. ಅನ್ನವ್ವ ಬೇಡ ಬೇಡವೆನ್ನುತ್ತ ಸುದ್ದಿ ತರುತ್ತಿದ್ದಳು. ಗೌಡರು ಹೋಗಿ, ನೋಡಿ, ಹೇಸಿ, ಹಸಿದು ಬರುತ್ತಿದ್ದರು.

ಕೊನೆಗೊಂದು ಮುಂಜಾನೆ ಅವಳು ಓಡಿಬಂದಳು. “ಮಾವಾರ, ಗುಡಿ ಗ್ವಾಡಿಗೂ ಕೈ ಹಚ್ಚ್ಯಾನ್ರಿ!”

ಗೌಡರು ಎದ್ದ ರಭಸಕ್ಕೆ ಕೋಲು ನೆಲಕ್ಕೆ ತಾಗಿತೋ ಇಲ್ಲವೋ. ಪೇಟೆ ದಾಟಿ, ಏರು ಹತ್ತಿ, ಏದುಸಿರು ಬಿಡುತ್ತ ಬಸವಣ್ಣನ ಗುಡಿ ಮುಟ್ಟಿದರು. ಪೌಳಿಯ ಹೊರಗೋಡೆಯ ಮುಂದೆ ಜನ ಗುಂಪುಗೂಡಿ ನಗುತ್ತಿದ್ದರು. ಗೋಡೆಯ ಮೇಲೆ ಮುದಿ ಕರಡಿಯೊಂದು, ತಲೆಗೆ ಅವರದೇ ರುಮಾಲು, ಕೈಯಲ್ಲಿ ಅವರದೇ ಕೋಲು, ಮೂಗು ಮುರಿದುಕೊಂಡು ದಾಪುಗಾಲು ಹಾಕುತ್ತಿತ್ತು. ನಗುವವರಲ್ಲಿ ಹೊಳೆಪ್ಪನೂ ಇದ್ದ. ಆದರೆ ಗೌಡರನ್ನು ಕಂಡದ್ದೇ ಅವನು ನಗು ನಿಲ್ಲಿಸಿ ಕೈಮುಗಿದ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ.

ಗೋಡೆಯ ಬುಡದಲ್ಲಿ ಕುಂಚ ಹಿಡಿದು ಕುಳಿತಿದ್ದ ಮಲಕಪ್ಪನ ನೆತ್ತಿಯ ಮೇಲೆ ಗೌಡರು ಕೋಲು ಎತ್ತಿದರು. “ಇವತ್ತ ಹೇಳ್ತಿಯೋ, ಸಾಯ್ತಿಯೋ? ನನ್ನ ಹೇಸಿಗಿ ಎಲ್ಲಾ ನಿನಗ ಹೇಳಿಕೊಟ್ಟವರು ಯಾರಲೇ?”

ಮಲಕಪ್ಪ ಕುಂಚ ಕೆಳಗಿಟ್ಟ. “ಇಲ್ಲಿಗೆ ಮುಗೀತ್ರಿ, ಇನ್ನ ಹೇಳಬಹುದು. ಸಾವಕ್ಕ ಹಾಸಿಗಿ ಹಿಡದಾಗ ನನ್ನ ಕರಸಿದ್ಲು. ‘ನಾ ಹೋದ ಮ್ಯಾಲ ಸಮಾಧಾನ ಹೇಳಿದ್ರ ಅವರು ಏಳಂಗಿಲ್ಲೋ ತಮ್ಮಾ. ಏನೇನ ಕಂಡ್ರ ಅವರಿಗೆ ಹೇಸಿಗಿ ಅಂತ ನಾ ಹೇಳ್ತೀನಿ. ಮನಿ ಬಾಗಲದಿಂದ ಗುಡಿತನಕ ಬರಕೋತ ಹೋಗು, ನಡಕೋತ ಬರ್ತಾರ’ ಅಂದಿದ್ಲ್ರಿ.”