ತಿಳಿಸಿದ್ದೇ ತಪ್ಪು

ರಕ್ತಪರೀಕ್ಷೆಯ ಲ್ಯಾಬಿನ ಪರ ವಕೀಲರು ಎರಡು ಪುಟದ ಕಾಗದವನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿ, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟರು. "ಸಹಿ ಹಾಕಿಬಿಡಿ ಮೇಡಂ, ಇವತ್ತಿಗೆ ಎಲ್ಲ ಮುಗಿದುಹೋಗುತ್ತೆ" ಎಂದರು. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಟೀಚರ್ ಪೆನ್ನು ಮುಟ್ಟಲಿಲ್ಲ. ಮೊದಲ ಸಾಲಿನಿಂದ ಓದತೊಡಗಿದಳು. ಪಕ್ಕದ ಕುರ್ಚಿಯಲ್ಲಿ ಅವಳ ಮಾವ ಕನ್ನಡಕ ಒರೆಸುತ್ತ ಕೂತಿದ್ದರು.

ಆದದ್ದು ಇಷ್ಟು. ಮಾವನ ರಕ್ತಪರೀಕ್ಷೆಯ ವರದಿಯನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ನೋಡಲು ಹೋಗಿ ಅವಳು ರಸೀದಿ ಸಂಖ್ಯೆಯ ಕೊನೆಯ ಅಂಕಿಯನ್ನು ತಪ್ಪಾಗಿ ಒತ್ತಿದ್ದಳು. ತೆರೆದುಕೊಂಡದ್ದು ಹತ್ತೊಂಬತ್ತರ ಯಾರೋ ಹುಡುಗಿಯ ಗರ್ಭಪರೀಕ್ಷೆಯ ವರದಿ. ಹೆಸರು, ಮನೆ ವಿಳಾಸ, ಫೋನ್ ನಂಬರು ಎಲ್ಲ ಇತ್ತು. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಒಂದು ಸಲ ಹೀಗಾಯಿತೇನೋ ಎಂದು ಅಂಕಿ ಬದಲಿಸಿ ನೋಡಿದಳು. ಇನ್ನೊಬ್ಬರ ವರದಿ ಬಂತು. ಅಲ್ಲಿಗೆ ಕೈ ತೆಗೆದು, ನಡೆದದ್ದನ್ನು ನಡೆದ ಹಾಗೆ ಲ್ಯಾಬಿಗೆ ಬರೆದಳು, ತನ್ನ ಹೆಸರು, ಫೋನ್ ನಂಬರು ಹಾಕಿಯೇ. ಹನ್ನೆರಡು ದಿನ ಉತ್ತರವಿಲ್ಲ. ಇನ್ನೂ ಸರಿಮಾಡಿಲ್ಲವೇ ಎಂದು ಮತ್ತೊಮ್ಮೆ ಕೇಳಿದ್ದಕ್ಕೆ ಬಂದದ್ದು ಲಾಯರ್ ನೋಟಿಸು. ಅನುಮತಿಯಿಲ್ಲದೆ ಲ್ಯಾಬಿನ ಕಂಪ್ಯೂಟರ್ ವ್ಯವಸ್ಥೆಯೊಳಗೆ ನುಗ್ಗಿದ್ದೀರಿ, ಪೊಲೀಸರಿಗೆ ದೂರು ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಮತ್ತೆ ಬೇರೊಬ್ಬರ ವರದಿ ತೆರೆಯಲು ನೋಡಿದರೆ ಅದು ಎರಡನೆಯ ಅಪರಾಧ ಎಂದೆಲ್ಲ ಅದರಲ್ಲಿತ್ತು.

ಗಂಡ, "ಹೋಗಿ ಹೋಗಿ ಹುತ್ತಕ್ಕೆ ಕೈ ಹಾಕಿದೆಯಲ್ಲ" ಎಂದು ತಲೆಯ ಮೇಲೆ ಕೈಹೊತ್ತು ಕೂತ. ಮುಖ್ಯೋಪಾಧ್ಯಾಯಿನಿ ಕರೆಸಿಕೊಂಡು, ಪೊಲೀಸ್ ಕೇಸಾದರೆ ಕೆಲಸ ಉಳಿಸುವುದು ತಮ್ಮ ಕೈಲಿಲ್ಲ ಎಂದರು. ಹೆದರದವರು ಮಾವ ಒಬ್ಬರೇ. ಅವರು ಕೋರ್ಟಿನ ಅಮೀನರಾಗಿ ಮೂವತ್ತೊಂದು ವರ್ಷ ಮನೆಮನೆಗೆ ಸಮನ್ಸು ಮುಟ್ಟಿಸಿದವರು. ನೋಟಿಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೋರ್ಟಿನ ಮೊಹರು ಹುಡುಕಿ, ಸಿಗದೆ, "ಇದು ಕರೆಯೋ ಕಾಗದ ಅಲ್ಲಮ್ಮ, ಹೆದರಿಸೋ ಕಾಗದ" ಎಂದಿದ್ದರು. ಆದರೂ ಯಾರಾದರೂ ಬಾಗಿಲು ತಟ್ಟಿದರೆ ಅವಳು ಮೊದಲು ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಪಾಠ ಮಾಡುತ್ತ ಮಾಡುತ್ತ ಮಾತು ಮರೆತು ನಿಂತುಬಿಡುತ್ತಿದ್ದಳು. ಒಂದು ಕಾಗದಕ್ಕೆ ಸಹಿ ಹಾಕಿದರೆ ದೂರು ಕೊಡುವುದಿಲ್ಲ ಎಂದು ವಕೀಲರು ಹೇಳಿಕಳಿಸಿದ್ದರು. ಸಹಿ ಹಾಕಿ ಕೈತೊಳೆದುಕೊಂಡರೆ ಸಾಕು ಎಂದುಕೊಂಡೇ ಇವತ್ತು ಇಲ್ಲಿಗೆ ಬಂದಿದ್ದಳು.

ಎರಡನೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಲ್ಯಾಬಿನ ವೆಬ್‌ಸೈಟಿನಲ್ಲಿ ಯಾವ ದೋಷವೂ ಇರಲಿಲ್ಲ, ದುರುದ್ದೇಶದಿಂದ ನಾನೇ ಒಳನುಗ್ಗಿದೆ, ಈ ವಿಷಯವನ್ನು ಎಂದೂ ಯಾರಿಗೂ ಹೇಳುವುದಿಲ್ಲ ಎಂದು ಅವಳ ಬಾಯಿಂದಲೇ ಹೇಳಿಸಿದ ಹಾಗೆ ಬರೆದಿತ್ತು.

"ಸರ್, ಅದನ್ನ ಸರಿಮಾಡಿದ್ದಾರಾ?"

"ಅದು ನಿಮಗೆ ಬೇಡದ ವಿಷಯ. ಬೇರೆಯವರ ಮನೆ ಬಾಗಿಲು ತೆಗೆದು ಒಳಗೆ ಇಣುಕಿದವರು ನೀವು."

"ಬಾಗಿಲು ಅಂತ ಒಂದು ಇದ್ದಿದ್ರೆ ನಾನು ಕಾಗದ ಬರೀತಾನೇ ಇರಲಿಲ್ಲ."

ವಕೀಲರು ಮಾವನ ಕಡೆ ತಿರುಗಿದರು. ಕೋರ್ಟು ಕಂಡವರು ನೀವು, ಒಂದು ಸಹಿಯಲ್ಲಿ ಹೋಗುವುದನ್ನು ಹತ್ತು ವರ್ಷ ಎಳೆದಾಡಬೇಕೇ, ನೀವಾದರೂ ಸೊಸೆಗೆ ಬುದ್ಧಿ ಹೇಳಬಾರದೇ ಎಂದರು. ಮಾವ ಕನ್ನಡಕ ಹಾಕಿಕೊಂಡು, "ಅವಳಿಗೆ ಓದೋಕೆ ಬರುತ್ತೆ ಸ್ವಾಮಿ, ಓದಿದ್ದಾಳೆ" ಎಂದರು.

ಅವಳಿಗೆ ಆ ಹತ್ತೊಂಬತ್ತರ ಹುಡುಗಿಯ ಹೆಸರು ಇನ್ನೂ ನೆನಪಿತ್ತು. ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ವಕೀಲರ ಮುಂದಿಟ್ಟಳು. "ನಾನು ನೋಡಿದ್ದು ನಿಜ, ನೋಡಿದ ದಿನವೇ ತಿಳಿಸಿದ್ದೂ ನಿಜ. ಸುಳ್ಳಿಗೆ ಸಹಿ ಹಾಕಲ್ಲ. ದೂರು ಕೊಡೋದಾದ್ರೆ ಕೊಡಿ ಸರ್, ಪೊಲೀಸರ ಮುಂದೂ ಇದನ್ನೇ ಹೇಳ್ತೀನಿ." ಪೂರ್ತಿ ಹೇಳಿ ಮುಗಿಸಿಯೇ ಎದ್ದಳು.

ಇಬ್ಬರೂ ಅರ್ಧ ಮೆಟ್ಟಿಲು ಇಳಿದಿದ್ದರು. ವಕೀಲರ ಕಚೇರಿಯ ಟೈಪಿಸ್ಟ್ ಹೆಂಗಸು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆಯೇ ಓಡಿಬಂದಳು. ಆ ನೋಟಿಸನ್ನೂ ಈ ಕಾಗದವನ್ನೂ ಟೈಪ್ ಮಾಡಿದ್ದು ತಾನೇ ಎಂದು ಹೇಳಿ, ಒಮ್ಮೆ ಮೇಲೆ ನೋಡಿ, ದನಿ ತಗ್ಗಿಸಿದಳು. "ಹೋದ ತಿಂಗಳು ನಾನೂ ಅದೇ ಲ್ಯಾಬಿಗೆ ಹೋಗಿದ್ದೆ. ಮನೇಲಿ ಯಾರಿಗೂ ಹೇಳಿಲ್ಲ. ಈಗಲೂ ನನ್ನ ವರದಿ ಎಲ್ಲರಿಗೂ ಕಾಣಿಸುತ್ತಾ ಅಂತ ಒಂದ್ಸಲ ನೋಡಿ ಹೇಳ್ತೀರಾ ಅಕ್ಕ?"

"ನಾನು ನೋಡಿದ್ರೆ ಮೂರು ವರ್ಷ ಅಂತ ನೀವೇ ಟೈಪ್ ಮಾಡಿದ್ದೀರಲ್ಲಮ್ಮ."

ಟೈಪಿಸ್ಟ್ ಮೇಲೆ ಹೋಗಲು ತಿರುಗಿದಳು. ಟೀಚರಿಗೆ ತಾನು ಆಡಿದ್ದು ಒರಟಾಯಿತು ಅನ್ನಿಸಿತು. ಒಂದು ಮೆಟ್ಟಿಲು ಮೇಲೆ ಹತ್ತಿ, ನಿಮ್ಮ ವರದಿಯ ಬಗ್ಗೆ ನೀವು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂದಳು. ಜನರ ಮಾಹಿತಿ ಸೋರಿಹೋದ ದೂರುಗಳನ್ನು ತೆಗೆದುಕೊಳ್ಳುವ ಸರ್ಕಾರಿ ಕಚೇರಿ ಎರಡು ಬೀದಿ ಆಚೆಗಿದೆ, ನಾನು ಈಗಲೇ ಅಲ್ಲಿಗೆ ಹೋಗಿ ನನ್ನ ಹೆಸರಲ್ಲೇ ಬರೆದುಕೊಡುತ್ತೇನೆ, ಇನ್ನೊಂದು ಅರ್ಜಿ ಜೊತೆಗಿದ್ದರೆ ಅದಕ್ಕೊಂದು ತೂಕ ಬರುತ್ತದೆ ಎಂದೂ ಹೇಳಿದಳು.

"ಹತ್ತು ನಿಮಿಷ ನಿಲ್ತೀರಾ?" ಎಂದು ಕೇಳಿ ಟೈಪಿಸ್ಟ್ ಮೇಲೆ ಹೋದಳು. ಮಾವ ಮೆಟ್ಟಿಲ ಮೇಲೆಯೇ ಕೂತರು. ಆಕೆ ಬರುತ್ತಾಳೆಂಬ ನಂಬಿಕೆ ಇಬ್ಬರಿಗೂ ಅಷ್ಟಾಗಿ ಇರಲಿಲ್ಲ. ಮೇಲಿನಿಂದ ಪ್ರಿಂಟರ್ ಕಾಗದ ಎಳೆದುಕೊಳ್ಳುವ ಸದ್ದು ಕೇಳಿಸಿತು. ಟೈಪಿಸ್ಟ್ ಈ ಸಲ ಚಪ್ಪಲಿ ಹಾಕಿಕೊಂಡು, ಕೈಚೀಲ ಹೆಗಲಿಗೇರಿಸಿಕೊಂಡು ಇಳಿದುಬಂದಳು. ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಒಂದು ಹಾಳೆ, ಲ್ಯಾಬಿನ ಮೇಲೆ ತನ್ನದೇ ಹೆಸರಿನ ಅರ್ಜಿ.

"ಎರಡು ಪ್ರತಿ ತೆಗೆದೆ ಅಕ್ಕ. ಇನ್ನೊಂದನ್ನ ನಮ್ಮ ಸರ್ ಮೇಜಿನ ಮೇಲಿಟ್ಟು ಬಂದೆ."