ಕುರ್ಚಿಯಲ್ಲಿ ಕೂತವರ ಸಲಹೆ

"ಓಹೋ, ಇನ್ನೂ ಹಾಸಿಗೆ ಒದ್ದೆ ಮಾಡ್ಕೊಳ್ಳೋ ರಾಜಕುಮಾರಿ ಇವಳೇನಾ?" ಎಂದು ಕ್ಷೌರದ ಕುರ್ಚಿಯಲ್ಲಿದ್ದ ಮೇಷ್ಟ್ರು ನಕ್ಕಾಗ, ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ಹನ್ನೊಂದು ವರ್ಷದ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. ಮೇಷ್ಟ್ರ ಕೆನ್ನೆಯ ಮೇಲೆ ಕತ್ತಿಯಾಡಿಸುತ್ತಿದ್ದ ಅಪ್ಪನ ಕೈಯೂ ನಿಂತಿತು.

ತಾಯಿಯಿಲ್ಲದ ಮಗಳನ್ನು ಬೆಳೆಸುವ ಬಗೆ ತಿಳಿಯದೆ ಅವನು ಮಕ್ಕಳೊಂದಿಗರಾದ ಗಿರಾಕಿಗಳನ್ನೆಲ್ಲ ಕೇಳುತ್ತಿದ್ದ. ಗಡ್ಡ ಹೆರೆದು ಮುಗಿಸುವಷ್ಟರಲ್ಲಿ ಪ್ರತಿಯೊಬ್ಬರೂ ಒಂದೊಂದು ಉಪಾಯ ಹೇಳಿ ಎದ್ದುಹೋಗುತ್ತಿದ್ದರು. ಹೋಗುವಾಗ ಮಗಳ ಗುಟ್ಟನ್ನೂ ಹೊತ್ತೊಯ್ಯುತ್ತಿದ್ದಾರೆಂಬುದು ಅವನಿಗೆ ಹೊಳೆದಿರಲಿಲ್ಲ.

"ನಿಮ್ಮಪ್ಪ ನಿನ್ನ ಒಳ್ಳೇದಕ್ಕೇ ಕೇಳಿದ್ದಮ್ಮ," ಎಂದರು ಮೇಷ್ಟ್ರು. "ಮಲಗೋ ಮುಂಚೆ ನೀರು ಕಮ್ಮಿ ಕುಡಿ, ಸಾಕು."

ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು. ಅವನು ಕತ್ತಿಯನ್ನು ಕೆಳಗಿಟ್ಟು ಹತ್ತಿರ ಬಂದು, "ತಪ್ಪಾಯ್ತು ಪುಟ್ಟಿ. ಏನಾದ್ರೂ ಹೇಳೇ," ಎಂದ. ಶಾಲೆಯ ಜಗಳದಿಂದ ಹಿಡಿದು ಕೆಟ್ಟ ಕನಸಿನವರೆಗೆ ಎಲ್ಲವನ್ನೂ ಅವನ ಕಿವಿಯಲ್ಲಿ ಉಸುರುತ್ತಿದ್ದ ಮಗಳು ಡಬ್ಬಿಯನ್ನು ಅವನ ಕೈಗಿತ್ತು, "ಏನಿಲ್ಲಪ್ಪ," ಎಂದಳು.